12345654321 (ಸಂಖ್ಯೆ)

12345654321 (ಭಾರತೀಯ ಪದ್ಧತಿಯಲ್ಲಿ 12,34,56,54,321) ಹನ್ನೊಂದು ಅಂಕಿಗಳುಳ್ಳ ಒಂದು ಬೆಸ ಪೂರ್ಣಾಂಕ. ಅಕ್ಷರಗಳಲ್ಲಿ ಇದನ್ನು ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಬರೆಯಲಾಗುತ್ತದೆ. ಇದು 111111 ಎಂಬ ಸಂಖ್ಯೆಯ ವರ್ಗ. ಇದರ ಅಂಕಿಗಳು ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದರವರೆಗೆ ಇಳಿಯುತ್ತವೆ. ಆದ್ದರಿಂದ ಎಡದಿಂದ ಓದಿದರೂ ಬಲದಿಂದ ಓದಿದರೂ ಸಂಖ್ಯೆ ಒಂದೇ ಆಗಿರುತ್ತದೆ.

ಕನ್ನಡನಾಡಿನ ಗಣಿತ ಪರಂಪರೆಯಲ್ಲಿ ಈ ಸಂಖ್ಯೆಗೆ ವಿಶೇಷ ಸ್ಥಾನವಿದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. 850ರಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥದಲ್ಲಿ ಇದು ಗುಣಾಕಾರದ ಒಂದು ಲೆಕ್ಕದ ಉತ್ತರವಾಗಿ ಬರುತ್ತದೆ.

ಐತಿಹಾಸಿಕ ಹಿನ್ನೆಲೆ

ಅಮೋಘವರ್ಷನು ಕ್ರಿ.ಶ. 814ರಿಂದ 878ರವರೆಗೆ ಮಾನ್ಯಖೇಟವನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಆಳಿದನು. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕನ್ನಡದಲ್ಲಿ ಉಪಲಬ್ಧವಾಗಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವೂ ಇದೇ ಆಸ್ಥಾನದ ಕೊಡುಗೆ. ಗಣಿತಸಾರಸಂಗ್ರಹದ ಆರಂಭದ ಶ್ಲೋಕಗಳಲ್ಲಿ ಮಹಾವೀರಾಚಾರ್ಯನು ಅಮೋಘವರ್ಷನನ್ನು ಸ್ತುತಿಸಿದ್ದಾನೆ. ಆತನ ಕಾಲನಿರ್ಣಯಕ್ಕೆ ಇದೇ ಮುಖ್ಯ ಆಧಾರ.

ಗಣಿತಸಾರಸಂಗ್ರಹದಲ್ಲಿ ಒಂಬತ್ತು ಅಧ್ಯಾಯಗಳಿವೆ. ಮೊದಲನೆಯದು ಪರಿಭಾಷೆಗಳನ್ನು ತಿಳಿಸುವ ಸಂಜ್ಞಾಧಿಕಾರ. ಎರಡನೆಯದಾದ ಪರಿಕರ್ಮವ್ಯವಹಾರದಲ್ಲಿ ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ ಮುಂತಾದ ಮೂಲ ಕ್ರಿಯೆಗಳಿವೆ. ಗುಣಾಕಾರಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲಿ ಕೆಲವು ಸಾಮಾನ್ಯ ಲೆಕ್ಕಗಳಲ್ಲ. ಅವುಗಳ ಗುಣಲಬ್ಧಗಳು ಎರಡೂ ಕಡೆಯಿಂದ ಒಂದೇ ರೀತಿ ಕಾಣುವಂತೆ ಆಯ್ದವು. ಮಣಿಗಳನ್ನು ಸಮವಾಗಿ ಪೋಣಿಸಿದ ಕಂಠಾಭರಣಕ್ಕೆ ಇಂತಹ ಸಂಖ್ಯೆಗಳನ್ನು ಹೋಲಿಸಲಾಗಿದೆ. ಅವುಗಳಲ್ಲಿ ಮುಖ್ಯವಾದವು ಹೀಗಿವೆ:

139 × 109 = 15151
152207 × 73 = 11111111
14287143 × 7 = 100010001
142857143 × 7 = 1000000001
12345679 × 9 = 111111111
333333666667 × 33 = 11000011000011
27994681 × 441 = 12345654321

ಕೊನೆಯ ಲೆಕ್ಕದ ಉತ್ತರವೇ ಈ ಲೇಖನದ ವಿಷಯ. ಒಂದರಿಂದ ತೊಡಗಿ ಆರರಲ್ಲಿ ಮುಗಿದು, ಅನಂತರ ಕ್ರಮವಾಗಿ ಕಡಿಮೆಯಾಗುತ್ತಾ ಬರುವ ಅಂಕಿಗಳ ಸಂಖ್ಯೆ ಎಂದು ಗ್ರಂಥವು ಇದನ್ನು ವರ್ಣಿಸುತ್ತದೆ. ಹನ್ನೊಂದು ಅಂಕಿಗಳನ್ನು ಒಂದೊಂದಾಗಿ ಹೇಳದೆ ಅದರ ರಚನೆಯನ್ನೇ ಹೇಳಿ ಸಂಖ್ಯೆಯನ್ನು ಸೂಚಿಸಿರುವುದು ಗಮನಾರ್ಹ.

ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಸಂಪಾದಿಸಿ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಇದರಿಂದ ಗ್ರಂಥವು ಹೊರದೇಶಗಳ ವಿದ್ವಾಂಸರ ಗಮನಕ್ಕೆ ಬಂದಿತು. ಡಾ. ಪದ್ಮಾವತಮ್ಮನವರ ಕನ್ನಡ ಅನುವಾದ ಮತ್ತು ಟಿಪ್ಪಣಿಗಳುಳ್ಳ ಆವೃತ್ತಿಯನ್ನು ಹೊಂಬುಜ ಜೈನ ಮಠವು 2000ದಲ್ಲಿ ಹೊರತಂದಿತು.

ಸ್ಥಾನಬೆಲೆ ಮತ್ತು ಓದುವ ಕ್ರಮ

ಮಹಾವೀರಾಚಾರ್ಯನು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಬಲದಿಂದ ಎಡಕ್ಕೆ ಅವುಗಳಲ್ಲಿ ಮೊದಲ ಹನ್ನೊಂದು ಹೀಗಿವೆ: ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ. ಇಪ್ಪತ್ತನಾಲ್ಕನೆಯ ಸ್ಥಾನದ ಹೆಸರು ಮಹಾಕ್ಷೋಭ. ಈ ಪಟ್ಟಿಯಂತೆ 12345654321ನ್ನು 1 ಅರ್ಬುದ, 2 ಶತಕೋಟಿ, 3 ದಶಕೋಟಿ, 4 ಕೋಟಿ, 5 ದಶಲಕ್ಷ, 6 ಲಕ್ಷ, 5 ದಶಸಹಸ್ರ, 4 ಸಹಸ್ರ, 3 ಶತ, 2 ದಶ, 1 ಏಕ ಎಂದು ಓದಬೇಕು. ಸಂಖ್ಯೆಯ ಶಿಖರವಾದ 6 ಲಕ್ಷದ ಸ್ಥಾನದಲ್ಲಿ ನಿಲ್ಲುತ್ತದೆ.

ಹಳೆಯ ಗಣಿತ ಮತ್ತು ಜ್ಯೋತಿಷ ಗ್ರಂಥಗಳಲ್ಲಿ ಅಂಕಿಗಳಿಗೆ ಬದಲಾಗಿ ಪದಗಳನ್ನು ಬಳಸುವುದು ರೂಢಿಯಾಗಿತ್ತು. ಚಂದ್ರ ಎಂದರೆ ಒಂದು, ನಯನ ಎಂದರೆ ಎರಡು, ಋತು ಎಂದರೆ ಆರು. ಇಂತಹ ಪದಾಂಕಗಳನ್ನು ಬಲಗಡೆಯ ಏಕಸ್ಥಾನದಿಂದ ಆರಂಭಿಸಿ ಎಡಕ್ಕೆ ಬರೆದುಕೊಳ್ಳುತ್ತಾ ಹೋಗಬೇಕು. ಓದುವ ದಿಕ್ಕು ತಪ್ಪಿದರೆ 21 ಎಂಬುದು 12 ಆಗುವ ಅಪಾಯವಿದೆ. 12345654321ರ ವಿಷಯದಲ್ಲಿ ಈ ಅಪಾಯವಿಲ್ಲ. ಯಾವ ದಿಕ್ಕಿನಿಂದ ಬರೆದರೂ ಅದೇ ಸಂಖ್ಯೆ ದೊರೆಯುತ್ತದೆ. ಕಾವ್ಯಶಾಸ್ತ್ರದಲ್ಲಿ ಎರಡೂ ಕಡೆಯಿಂದ ಒಂದೇ ಆಗಿರುವ ಪದ್ಯರಚನೆಗೆ ಗತಪ್ರತ್ಯಾಗತ ಎಂಬ ಹೆಸರಿದೆ. ಸಂಖ್ಯೆಗಳಲ್ಲಿ ಇದೇ ಗುಣವಿದ್ದರೆ ಅವನ್ನು ಇಂದು ಪಾಲಿಂಡ್ರೋಮ್ ಸಂಖ್ಯೆಗಳು ಎನ್ನುತ್ತಾರೆ.

ಸಂಖ್ಯೆಯ ಗಾತ್ರ

12345654321 ಸೆಕೆಂಡುಗಳೆಂದರೆ ಸುಮಾರು 391 ವರ್ಷಗಳು. ಇದೇ ಸಂಖ್ಯೆಯ ಚದರ ಮೀಟರುಗಳನ್ನು ಒಂದು ಚೌಕವಾಗಿ ಹರಡಿದರೆ ಅದರ ಒಂದು ಬದಿ 111111 ಮೀಟರು, ಅಂದರೆ ಸುಮಾರು 111 ಕಿಲೋಮೀಟರು ಆಗುತ್ತದೆ. ಚೌಕದ ವಿಸ್ತೀರ್ಣ ಸುಮಾರು 12,346 ಚದರ ಕಿಲೋಮೀಟರು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ವನ್ಯಜೀವಿಧಾಮದ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರು. ಅಂತಹ ಇಪ್ಪತ್ತೆರಡು ಕಾಡುಗಳು ಈ ಚೌಕದಲ್ಲಿ ಹಿಡಿಸಿ ಇನ್ನೂ ಸ್ವಲ್ಪ ಜಾಗ ಉಳಿಯುತ್ತದೆ.

111111 ಮೀಟರು ಎಂಬ ಅಳತೆಗೆ ಭೂಗೋಳದಲ್ಲಿಯೂ ಒಂದು ಅರ್ಥವಿದೆ. ಮೀಟರನ್ನು ಮೊದಲು ನಿರ್ಧರಿಸಿದಾಗ ಸಮಭಾಜಕದಿಂದ ಉತ್ತರ ಧ್ರುವದವರೆಗಿನ ದೂರ 1 ಕೋಟಿ ಮೀಟರು ಆಗುವಂತೆ ಆರಿಸಲಾಯಿತು. ಆ ದೂರವು 90 ಅಕ್ಷಾಂಶಗಳಷ್ಟಿರುವುದರಿಂದ ಒಂದು ಅಕ್ಷಾಂಶಕ್ಕೆ ಸರಾಸರಿ 111111 ಮೀಟರು ಬರುತ್ತದೆ. ಬಿಳಿಗಿರಿರಂಗನ ಬೆಟ್ಟವು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮಳಖೇಡವು ಸುಮಾರು 17.2 ಡಿಗ್ರಿಯಲ್ಲಿದೆ. ಎರಡರ ರೇಖಾಂಶವೂ 77.1 ಡಿಗ್ರಿ ಪೂರ್ವದ ಆಸುಪಾಸಿನಲ್ಲಿರುವುದರಿಂದ, ಮಹಾವೀರಾಚಾರ್ಯನ ಕಾಲದ ರಾಜಧಾನಿಯು ಬೆಟ್ಟಕ್ಕೆ ಬಹುತೇಕ ನೇರ ಉತ್ತರದಲ್ಲಿ ಬರುತ್ತದೆ. ಅಕ್ಷಾಂಶಗಳ ವ್ಯತ್ಯಾಸ 5.2 ಡಿಗ್ರಿ ಎಂದಾಗ, ನಕ್ಷೆಯ ಮೇಲೆ ಅಳೆಯದೆಯೇ ನಡುವಣ ನೇರ ದೂರ 580 ಕಿಲೋಮೀಟರಿನ ಆಸುಪಾಸು ಎಂದು ಹೇಳಬಹುದು.

ಅಂಕಿಗಳ ವಿನ್ಯಾಸಕ್ಕೆ ಕಾರಣ

111111ನ್ನು 111111ರಿಂದ ಶಾಲೆಯಲ್ಲಿ ಕಲಿಸುವ ಕ್ರಮದಲ್ಲಿ ಗುಣಿಸಿದರೆ ಆರು ಸಾಲುಗಳು ಬರುತ್ತವೆ. ಪ್ರತಿಯೊಂದು ಸಾಲೂ 111111 ಆಗಿದ್ದು, ಒಂದೊಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಬಲತುದಿಯ ಕಂಬಸಾಲಿನಲ್ಲಿ ಒಂದೇ 1 ಇರುತ್ತದೆ, ಅದರ ಮುಂದಿನದರಲ್ಲಿ ಎರಡು, ಆಮೇಲೆ ಮೂರು. ಆರನೆಯ ಕಂಬಸಾಲಿನಲ್ಲಿ ಆರೂ ಸಾಲುಗಳ 1ಗಳು ಸೇರುತ್ತವೆ. ಅಲ್ಲಿಂದ ಮುಂದೆ ಕೆಳಗಿನ ಸಾಲುಗಳು ಮಾತ್ರ ಉಳಿಯುವುದರಿಂದ ಮೊತ್ತ 5, 4, 3, 2, 1 ಎಂದು ಇಳಿಯುತ್ತದೆ. ಯಾವ ಕಂಬಸಾಲಿನ ಮೊತ್ತವೂ 9ನ್ನು ಮೀರದ ಕಾರಣ ದಶಕ ಎತ್ತುವ ಪ್ರಸಂಗವೇ ಬರುವುದಿಲ್ಲ. ಹೀಗಾಗಿ ಕಂಬಸಾಲುಗಳ ಮೊತ್ತಗಳೇ ಉತ್ತರದ ಅಂಕಿಗಳಾಗಿ ನಿಲ್ಲುತ್ತವೆ.

ಇದೇ ವಿವರಣೆಯಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಈ ವಿನ್ಯಾಸವು ದಶಮಾನ ಪದ್ಧತಿಗೆ ಮಾತ್ರ ಸೀಮಿತವಲ್ಲ. ಏಳು ಅಥವಾ ಅದಕ್ಕಿಂತ ದೊಡ್ಡದಾದ ಯಾವುದೇ ಆಧಾರಸಂಖ್ಯೆಯಲ್ಲಿ 6 ಒಂದು ಅಂಕಿಯಾಗಿರುತ್ತದೆ, ದಶಕ ಎತ್ತುವ ಅಗತ್ಯವಿರುವುದಿಲ್ಲ. ಆದ್ದರಿಂದ ಅಲ್ಲಿಯೂ 111111ರ ವರ್ಗವು 12345654321 ಎಂದೇ ಬರೆಯಲ್ಪಡುತ್ತದೆ, ಬೆಲೆ ಮಾತ್ರ ಬೇರೆ. ಉದಾಹರಣೆಗೆ ಆಧಾರ 7ರಲ್ಲಿ 111111ರ ಬೆಲೆ ನಮ್ಮ 19608. ಅದರ ವರ್ಗ 384473664 ಎಂಬುದನ್ನು ಆಧಾರ 7ರಲ್ಲಿ ಬರೆದರೆ 12345654321 ಆಗುತ್ತದೆ.

ಎರಡು ದಾಳಗಳನ್ನು ಒಟ್ಟಿಗೆ ಉರುಳಿಸಿದಾಗಲೂ ಇದೇ ಅಂಕಿಗಳು ಕಾಣಿಸಿಕೊಳ್ಳುತ್ತವೆ. ಆರು ಮುಖಗಳ ಎರಡು ದಾಳಗಳಲ್ಲಿ ಮೊತ್ತ 2 ಬರಲು ಒಂದು ದಾರಿ, 3 ಬರಲು ಎರಡು ದಾರಿ, 7 ಬರಲು ಆರು ದಾರಿ, 12 ಬರಲು ಮತ್ತೆ ಒಂದೇ ದಾರಿ. 2ರಿಂದ 12ರವರೆಗಿನ ಹನ್ನೊಂದು ಮೊತ್ತಗಳ ದಾರಿಗಳನ್ನು ಸಾಲಾಗಿ ಬರೆದರೆ 1, 2, 3, 4, 5, 6, 5, 4, 3, 2, 1 ದೊರೆಯುತ್ತದೆ. ಇದು ಆಕಸ್ಮಿಕವಲ್ಲ. ಮೊದಲ ದಾಳದ ಆರು ಮುಖಗಳು ಗುಣಾಕಾರದ ಆರು ಸಾಲುಗಳಿಗೂ, ಎರಡನೆಯ ದಾಳದ ಮುಖಗಳು ಪ್ರತಿ ಸಾಲಿನ ಆರು 1ಗಳಿಗೂ ಸಮನಾಗಿವೆ. ಸಂಖ್ಯೆಯ ಅಂಕಿಗಳ ಮೊತ್ತ 36 ಆಗಿರುವುದು ದಾಳಗಳ ಒಟ್ಟು 36 ಸಾಧ್ಯತೆಗಳಿಗೆ ಸರಿಹೊಂದುತ್ತದೆ. ಇದರಿಂದ ಒಂದು ಸುಂದರ ಸಮೀಕರಣವೂ ಲಭಿಸುತ್ತದೆ: 666666ರ ವರ್ಗವನ್ನು 36ರಿಂದ, ಅಂದರೆ 1+2+3+4+5+6+5+4+3+2+1ರಿಂದ ಭಾಗಿಸಿದರೆ 12345654321 ಬರುತ್ತದೆ.

ವರ್ಗಮೂಲ

ಒಂದು ಸಂಖ್ಯೆಯ ವರ್ಗವು 1ರಿಂದ ಆರಂಭವಾಗಿ 2ರಂತೆ ಹೆಚ್ಚುವ ಶ್ರೇಢಿಯ ಮೊತ್ತಕ್ಕೆ ಸಮ ಎಂದು ಮಹಾವೀರಾಚಾರ್ಯನು ತಿಳಿಸಿದ್ದಾನೆ. ಅದರಂತೆ 12345654321 ಎಂಬುದು 1, 3, 5 ಮೊದಲಾಗಿ 222221ರವರೆಗಿನ 111111 ಬೆಸ ಸಂಖ್ಯೆಗಳ ಮೊತ್ತ.

ವರ್ಗಮೂಲವನ್ನು ಸಾಮಾನ್ಯ ಭಾಗಾಕಾರ ವಿಧಾನದಲ್ಲಿ ತೆಗೆಯಲು ಅಂಕಿಗಳನ್ನು ಬಲದಿಂದ ಎರಡೆರಡಾಗಿ ವಿಂಗಡಿಸಬೇಕು: 1, 23, 45, 65, 43, 21. ಪ್ರತಿ ಹಂತದಲ್ಲಿಯೂ ಭಾಗಲಬ್ಧ 1 ಬರುತ್ತದೆ.

1 − 1 = 0
23 − 21 = 2
245 − 221 = 24
2465 − 2221 = 244
24443 − 22221 = 2222
222221 − 222221 = 0

ಆರು ಹಂತಗಳಲ್ಲಿ ಆರು 1ಗಳು ದೊರೆತು ಶೇಷವು ಸೊನ್ನೆಯಾಗುತ್ತದೆ. ವರ್ಗಮೂಲದ ವಿಧಾನವನ್ನು ಹೊಸದಾಗಿ ಕಲಿಯುವ ವಿದ್ಯಾರ್ಥಿಗೆ ಇದು ಒಳ್ಳೆಯ ಅಭ್ಯಾಸ; ಕಳೆಯಬೇಕಾದ ಸಂಖ್ಯೆಗಳ ಕ್ರಮವನ್ನು ನೋಡಿದೊಡನೆ ಲೆಕ್ಕ ಸರಿಯೋ ತಪ್ಪೋ ಎಂಬುದು ತಿಳಿಯುತ್ತದೆ.

ಅವಿಭಾಜ್ಯ ಅಪವರ್ತನ

111111 = 1001 × 111. ಇದರಲ್ಲಿ 1001 = 7 × 11 × 13, ಮತ್ತು 111 = 3 × 37. ಆದ್ದರಿಂದ 111111 = 3 × 7 × 11 × 13 × 37. ಇದನ್ನು ವರ್ಗ ಮಾಡಿದರೆ,

12345654321 = 3² × 7² × 11² × 13² × 37²

ಈ ಅಪವರ್ತನಗಳನ್ನು ದೊಡ್ಡ ಭಾಗಾಕಾರವಿಲ್ಲದೆ ಪರೀಕ್ಷಿಸಬಹುದು. ಅಂಕಿಗಳ ಮೊತ್ತ 36 ಆಗಿರುವುದರಿಂದ ಸಂಖ್ಯೆ 9ರಿಂದ ಭಾಗವಾಗುತ್ತದೆ. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿದರೆ 12, 345, 654, 321 ಬರುತ್ತವೆ. ಇವನ್ನು ಒಂದು ಬಿಟ್ಟು ಒಂದು ಕೂಡಿ ಕಳೆದಾಗ 321 − 654 + 345 − 12 = 0; ಆದ್ದರಿಂದ ಸಂಖ್ಯೆಯು 1001ರಿಂದ, ಅಂದರೆ 7, 11, 13 ಮೂರರಿಂದಲೂ ಭಾಗವಾಗುತ್ತದೆ. ಗುಂಪುಗಳನ್ನು ಸುಮ್ಮನೆ ಕೂಡಿದರೆ 1332. ಇದು 37 × 36 ಆಗಿರುವುದರಿಂದ ಸಂಖ್ಯೆಯು 37ರಿಂದಲೂ ಭಾಗವಾಗುತ್ತದೆ.

ಮಹಾವೀರಾಚಾರ್ಯನ ಲೆಕ್ಕದ ರಚನೆಯೂ ಈ ಅಪವರ್ತನದಿಂದ ಸ್ಪಷ್ಟವಾಗುತ್ತದೆ. 441 = 21² = 3² × 7². ಉಳಿದ 27994681 = 5291² = 11² × 13² × 37². ಎಂದರೆ ಐದು ಅವಿಭಾಜ್ಯಗಳಲ್ಲಿ 3 ಮತ್ತು 7ನ್ನು ಒಂದು ಕಡೆಗೂ, 11, 13 ಮತ್ತು 37ನ್ನು ಇನ್ನೊಂದು ಕಡೆಗೂ ಹಾಕಿದಂತಾಗಿದೆ. ಸಾಮಾನ್ಯ ಅಪವರ್ತನವಿಲ್ಲದ ಎರಡು ಭಾಗಗಳಾಗಿ ಈ ಸಂಖ್ಯೆಯನ್ನು ಒಡೆಯಲು ಒಟ್ಟು 16 ರೀತಿಗಳಿವೆ. ಗ್ರಂಥದ ಲೆಕ್ಕವು ಅವುಗಳಲ್ಲಿ ಒಂದು.

ಲೆಕ್ಕವನ್ನು ಮಾಡಿ ನೋಡಿದಾಗ ಅದರ ಸ್ವಾರಸ್ಯ ತಿಳಿಯುತ್ತದೆ. 27994681ನ್ನು 400ರಿಂದ ಗುಣಿಸಿದರೆ 11197872400, 40ರಿಂದ ಗುಣಿಸಿದರೆ 1119787240, 1ರಿಂದ ಗುಣಿಸಿದರೆ 27994681. ಈ ಮೂರು ಸಾಲುಗಳಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಮೂರನ್ನೂ ಕೂಡಿದ ಮೇಲೆಯೇ 12345654321 ಪ್ರಕಟವಾಗುತ್ತದೆ. ನಡುವೆ ಒಂದು ಅಂಕಿ ತಪ್ಪಿದರೆ ಸಾಮಾನ್ಯವಾಗಿ ಉತ್ತರದ ಸಮತೆ ಕೆಡುತ್ತದೆ. ಉತ್ತರವನ್ನು ಬೇರೆಯವರಿಂದ ಕೇಳದೆ ತಾನೇ ತಾಳೆ ನೋಡಿಕೊಳ್ಳಲು ಕಲಿಯುವವನಿಗೆ ಇದರಿಂದ ಅನುಕೂಲವಾಗುತ್ತದೆ. ಇಂತಹ ಲೆಕ್ಕಗಳನ್ನು ಆರಿಸಿದ್ದರ ಹಿಂದೆ ಈ ಉದ್ದೇಶವೂ ಇದ್ದಿರಬಹುದು.

ಭಾಜಕಗಳು

ಅಪವರ್ತನದಲ್ಲಿ ಐದು ಅವಿಭಾಜ್ಯಗಳಿದ್ದು ಪ್ರತಿಯೊಂದರ ಘಾತ 2 ಆಗಿರುವುದರಿಂದ ಭಾಜಕಗಳ ಸಂಖ್ಯೆ 3 × 3 × 3 × 3 × 3 = 243. ಪೂರ್ಣ ವರ್ಗಗಳಿಗೆ ಮಾತ್ರ ಭಾಜಕಗಳು ಬೆಸ ಸಂಖ್ಯೆಯಲ್ಲಿರುತ್ತವೆ. ಇಲ್ಲಿ 121 ಜೋಡಿಗಳಿದ್ದು, 111111 ಜೋಡಿಯಿಲ್ಲದೆ ನಡುವೆ ನಿಲ್ಲುತ್ತದೆ.

ಎಲ್ಲ ಭಾಜಕಗಳ ಮೊತ್ತ 13 × 57 × 133 × 183 × 1407 = 25375524993. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ ಉಳಿದ ಭಾಜಕಗಳ ಮೊತ್ತ 13029870672. ಇದು ಮೂಲ ಸಂಖ್ಯೆಗಿಂತ 684216351ರಷ್ಟು ಹೆಚ್ಚು. ತನ್ನ ಉಳಿದ ಭಾಜಕಗಳ ಮೊತ್ತವು ತನಗಿಂತ ದೊಡ್ಡದಾಗಿರುವ ಸಂಖ್ಯೆಯನ್ನು ಸಮೃದ್ಧ ಸಂಖ್ಯೆ, ಚಿಕ್ಕದಾಗಿದ್ದರೆ ನ್ಯೂನ ಸಂಖ್ಯೆ, ಸಮವಾಗಿದ್ದರೆ ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. 6 ಮತ್ತು 28 ಪರಿಪೂರ್ಣ ಸಂಖ್ಯೆಗಳು. ಬೆಸ ಸಂಖ್ಯೆಗಳಲ್ಲಿ ಸಮೃದ್ಧವಾದವು ವಿರಳ. ಅತಿ ಚಿಕ್ಕದು 945. 12345654321 ಅಂತಹ ಬೆಸ ಸಮೃದ್ಧ ಸಂಖ್ಯೆಗಳಲ್ಲೊಂದು.

ಡೆಕಾರ್ಟ್ ಸಂಖ್ಯೆಯೊಂದಿಗಿನ ಸಂಬಂಧ

ಬೆಸ ಪರಿಪೂರ್ಣ ಸಂಖ್ಯೆ ಇದೆಯೇ ಎಂಬುದು ಗಣಿತದ ಅತಿ ಹಳೆಯ ಬಗೆಹರಿಯದ ಪ್ರಶ್ನೆಗಳಲ್ಲಿ ಒಂದು. ಇದುವರೆಗೆ ಅಂತಹ ಒಂದು ಸಂಖ್ಯೆಯೂ ದೊರೆತಿಲ್ಲ. ಇರಲಾರದು ಎಂದು ಯಾರೂ ಸಾಧಿಸಿಯೂ ಇಲ್ಲ. 12345654321ರ ಅಪವರ್ತನವು ಈ ಪ್ರಶ್ನೆಯ ಹತ್ತಿರಕ್ಕೆ ನಮ್ಮನ್ನು ಕರೆದೊಯ್ಯುತ್ತದೆ.

ಸಂಖ್ಯೆಯಿಂದ 37²ನ್ನು ತೆಗೆದರೆ ಉಳಿಯುವುದು 3003² = 9018009. ಇದರ ಎಲ್ಲ ಭಾಜಕಗಳ ಮೊತ್ತ 18035199; ಸಂಖ್ಯೆಯ ಎರಡರಷ್ಟು 18036018. ವ್ಯತ್ಯಾಸ ಕೇವಲ 819. ಪರಿಪೂರ್ಣವಾಗಲು 9018009ಕ್ಕೆ ಇಷ್ಟೇ ಕೊರತೆ. ಫ್ರಾನ್ಸಿನ ತತ್ತ್ವಜ್ಞಾನಿ ಹಾಗೂ ಗಣಿತಜ್ಞ ರೆನೆ ಡೆಕಾರ್ಟ್ 1638ರಲ್ಲಿ ಇದೇ 3003²ನ್ನು 22021ರಿಂದ ಗುಣಿಸಿ 198585576189 ಎಂಬ ಸಂಖ್ಯೆಯನ್ನು ಮುಂದಿಟ್ಟನು. 22021 ಅವಿಭಾಜ್ಯವಾಗಿದ್ದರೆ ಅದರ ಭಾಜಕಗಳ ಮೊತ್ತ 22022 ಆಗುತ್ತಿತ್ತು; ಆಗ 18035199 × 22022 = 397171152378, ಇದು 198585576189ರ ಸರಿಯಾಗಿ ಎರಡರಷ್ಟು. ಬೆಸ ಪರಿಪೂರ್ಣ ಸಂಖ್ಯೆಯೊಂದು ಸಿಕ್ಕಂತಾಗುತ್ತಿತ್ತು. ಆದರೆ 22021 = 19² × 61; ಅದು ಅವಿಭಾಜ್ಯವಲ್ಲ. ಆದ್ದರಿಂದ ಡೆಕಾರ್ಟ್ ಸಂಖ್ಯೆಯು ‘ಬಹುತೇಕ ಪರಿಪೂರ್ಣ’ವಾಗಿ ಉಳಿಯಿತು.

ಮಹಾವೀರಾಚಾರ್ಯನ ಸಂಖ್ಯೆ 3003² × 37². ಡೆಕಾರ್ಟನ ಸಂಖ್ಯೆ 3003² × 22021. ಎರಡರ ನಡುವೆ ಸುಮಾರು ಎಂಟುನೂರು ವರ್ಷಗಳ ಅಂತರವಿದೆ; ಒಬ್ಬರಿಂದ ಇನ್ನೊಬ್ಬರು ಪಡೆದದ್ದೆಂದು ಭಾವಿಸಲು ಕಾರಣವಿಲ್ಲ. 3, 7, 11, 13 ಎಂಬ ಅವೇ ಅವಿಭಾಜ್ಯಗಳು ಎರಡು ಬೇರೆ ಬೇರೆ ಉದ್ದೇಶಗಳಿಗೆ ಒದಗಿಬಂದಿವೆ.

12345654321 ತಾನೇ ಪರಿಪೂರ್ಣವಾಗಲು ಸಾಧ್ಯವಿರಲಿಲ್ಲ ಎಂಬುದನ್ನು ಲೆಕ್ಕ ಮಾಡದೆಯೂ ಹೇಳಬಹುದು. ಬೆಸ ವರ್ಗಸಂಖ್ಯೆಯ ಭಾಜಕಗಳೆಲ್ಲವೂ ಬೆಸ, ಅವುಗಳ ಎಣಿಕೆಯೂ ಬೆಸ. ಆದ್ದರಿಂದ ಅವುಗಳ ಮೊತ್ತ ಬೆಸ. ಪರಿಪೂರ್ಣವಾಗಬೇಕಾದರೆ ಮೊತ್ತವು ಸಂಖ್ಯೆಯ ಎರಡರಷ್ಟು, ಅಂದರೆ ಸಮಸಂಖ್ಯೆ, ಆಗಬೇಕು. ಬೆಸ ಸಂಖ್ಯೆಯು ಸಮಸಂಖ್ಯೆಗೆ ಎಂದೂ ಸಮವಾಗದು.

ಲಂಬಕೋನ ತ್ರಿಭುಜಗಳು

111111ರ ಅವಿಭಾಜ್ಯ ಅಪವರ್ತನಗಳಲ್ಲಿ 13 ಮತ್ತು 37ನ್ನು ನಾಲ್ಕರಿಂದ ಭಾಗಿಸಿದರೆ 1 ಉಳಿಯುತ್ತದೆ. ಇಂತಹ ಅವಿಭಾಜ್ಯಗಳ ವರ್ಗವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. ಇದರಿಂದ 12345654321ನ್ನು ಸೊನ್ನೆಯಲ್ಲದ ಎರಡು ವರ್ಗಗಳ ಮೊತ್ತವಾಗಿ ನಾಲ್ಕು ರೀತಿಗಳಲ್ಲಿ ಬರೆಯಲು ಸಾಧ್ಯ:

42735² + 102564²
36036² + 105105²
73689² + 83160²
7161² + 110880²

ಎಂದರೆ, ಕರ್ಣ 111111 ಆಗಿದ್ದು ಬಾಹುಗಳು ಪೂರ್ಣಾಂಕಗಳಾಗಿರುವ ಆಯತಗಳು ನಾಲ್ಕು ಮಾತ್ರ. ಗಣಿತಸಾರಸಂಗ್ರಹದ ಕ್ಷೇತ್ರಗಣಿತದಲ್ಲಿಯೂ ಇದೇ ಬಗೆಯ ಪ್ರಶ್ನೆಯಿದೆ. ಅಲ್ಲಿ ಕರ್ಣವು 65. ದೊರೆಯುವ ಆಯತಗಳ ಬಾಹುಗಳು 39 ಮತ್ತು 52, 25 ಮತ್ತು 60, 33 ಮತ್ತು 56, 16 ಮತ್ತು 63. ಅಲ್ಲಿಯೂ ಆಯತಗಳು ನಾಲ್ಕೇ, ಏಕೆಂದರೆ 65 = 5 × 13; ಈ ಎರಡು ಅವಿಭಾಜ್ಯಗಳೂ ನಾಲ್ಕರಿಂದ ಭಾಗಿಸಿದಾಗ 1 ಉಳಿಸುವಂಥವು.

ಡೆಮ್ಲೊ ಸಂಖ್ಯೆಗಳು

1ರ ಅಂಕಿ ಮಾತ್ರ ಪುನರಾವರ್ತಿಸುವ ಸಂಖ್ಯೆಗಳ ವರ್ಗಗಳನ್ನು ಕ್ರಮವಾಗಿ ಬರೆದರೆ 1, 121, 12321, 1234321, 123454321, 12345654321 ಎಂಬ ಸರಣಿ ಬರುತ್ತದೆ. ಇವುಗಳ ಮೇಲೆ ದೀರ್ಘಕಾಲ ಅಧ್ಯಯನ ನಡೆಸಿದವರು ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ (1905–1986). ಮುಂಬಯಿ ಸಮೀಪದ ಒಂದು ರೈಲು ನಿಲ್ದಾಣದ ಹೆಸರಿನಿಂದ ಅವರು ಇವಕ್ಕೆ ಡೆಮ್ಲೊ ಸಂಖ್ಯೆಗಳೆಂದು ಹೆಸರಿಟ್ಟರು. 12345654321 ಈ ಸರಣಿಯ ಆರನೆಯ ಸಂಖ್ಯೆ.

ವಿನ್ಯಾಸದ ಮಿತಿ

ಈ ಸರಣಿಯನ್ನು ನೋಡಿದವರು ಅದು ಕೊನೆಯಿಲ್ಲದೆ ಹೀಗೆಯೇ ಮುಂದುವರಿಯುತ್ತದೆ ಎಂದು ಭಾವಿಸುವುದುಂಟು. ಅದು ಸರಿಯಲ್ಲ.

ಏಳು 1ಗಳ ವರ್ಗ: 1234567654321
ಎಂಟು 1ಗಳ ವರ್ಗ: 123456787654321
ಒಂಬತ್ತು 1ಗಳ ವರ್ಗ: 12345678987654321
ಹತ್ತು 1ಗಳ ವರ್ಗ: 1234567900987654321

ಹತ್ತು 1ಗಳನ್ನು ತೆಗೆದುಕೊಂಡಾಗ ನಡುವಣ ಕಂಬಸಾಲಿನ ಮೊತ್ತ 10 ಆಗುತ್ತದೆ. ಅದನ್ನು ಒಂದೇ ಅಂಕಿಯಲ್ಲಿ ಬರೆಯಲಾಗದ ಕಾರಣ ದಶಕವನ್ನು ಎಡಕ್ಕೆ ಒಯ್ಯಬೇಕಾಗುತ್ತದೆ. ಅಲ್ಲಿದ್ದ 9 ಸೇರಿ ಮತ್ತೆ 10 ಆಗಿ, ಇನ್ನೊಂದು ದಶಕ 8ರ ಸ್ಥಾನಕ್ಕೆ ಹೋಗುತ್ತದೆ. ಹಾರದ ನಡುವಣ ಮಣಿಗಳು ಕದಲಿ, ಎರಡೂ ಕಡೆಯಿಂದ ಒಂದೇ ಆಗಿರುವ ಗುಣ ನಷ್ಟವಾಗುತ್ತದೆ.

ಒಂಬತ್ತು ಬಾರಿ ನಿಜವಾದದ್ದು ಹತ್ತನೆಯ ಬಾರಿ ಸುಳ್ಳಾಗಬಹುದು ಎಂಬುದಕ್ಕೆ ಇದು ಶಾಲೆಯ ಮಕ್ಕಳಿಗೂ ತೋರಿಸಬಹುದಾದ ಸರಳ ಉದಾಹರಣೆ. ಕೆಲವು ಉದಾಹರಣೆಗಳನ್ನು ನೋಡಿ ನಿಯಮವನ್ನು ಊಹಿಸುವುದು ಗಣಿತದ ಆರಂಭ. ಆ ನಿಯಮ ಏಕೆ ನಡೆಯುತ್ತದೆ ಎಂದು ತಿಳಿದಾಗ ಎಲ್ಲಿಯವರೆಗೆ ನಡೆಯುತ್ತದೆ ಎಂಬುದೂ ತಿಳಿಯುತ್ತದೆ. 12345654321ರ ವಿನ್ಯಾಸಕ್ಕೆ ಕಾರಣ ದಶಕ ಎತ್ತದಿರುವುದು ಎಂದು ಅರಿತವರಿಗೆ, ಹತ್ತನೆಯ ಹಂತದಲ್ಲಿ ಅದು ಮುರಿಯುತ್ತದೆ ಎಂಬುದನ್ನು ಗುಣಿಸಿ ನೋಡುವ ಅಗತ್ಯವಿರುವುದಿಲ್ಲ.

ಸಾರಾಂಶ

ಅಂಕಿಗಳ ಸಂಖ್ಯೆ: 11
ಅಂಕಿಗಳ ಮೊತ್ತ: 36
ವರ್ಗಮೂಲ: 111111
ಅವಿಭಾಜ್ಯ ಅಪವರ್ತನ: 3² × 7² × 11² × 13² × 37²
ಭಾಜಕಗಳ ಸಂಖ್ಯೆ: 243
ಭಾಜಕಗಳ ಮೊತ್ತ: 25375524993
ತನಗಿಂತ ಚಿಕ್ಕದಾಗಿದ್ದು ತನ್ನೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳ ಎಣಿಕೆ: 5759994240
ವರ್ಗೀಕರಣ: ಬೆಸ, ಪೂರ್ಣ ವರ್ಗ, ಪಾಲಿಂಡ್ರೋಮ್, ಸಮೃದ್ಧ, ಆರನೆಯ ಡೆಮ್ಲೊ ಸಂಖ್ಯೆ
ಗಣಿತಸಾರಸಂಗ್ರಹದ ರೂಪ: 27994681 × 441